ಡ್ರಮ್ಮಿನ ನಡುವಿನ ಬಿಸಿ

ಹೊಸ ಥರ್ಮಾಮೀಟರ್ ಯಾವುದೇ ಬರಲಿ, ನಮ್ಮ ಮೇಡಂ ಮೊದಲು ಅದನ್ನು ಕಾರ್ಖಾನೆಯ ಕ್ಯಾಂಟೀನಿಗೆ ಒಯ್ಯುತ್ತಿದ್ದರು. ಟೀ ಕಾಯಿಸುವ ದೊಡ್ಡ ಪಾತ್ರೆಯಲ್ಲಿ ಬರೀ ನೀರು ಕುದಿಯುತ್ತಿರುವಾಗ, ಪುಡಿ ಹಾಕುವ ಮೊದಲು, ಅದರೊಳಗೆ ಅದ್ದಿ ಹಿಡಿದು ನಿಲ್ಲುತ್ತಿದ್ದರು. ಕ್ಯಾಂಟೀನಿನವರು ಗೊಣಗುತ್ತಿದ್ದರು, ಇವರು ಕೇಳಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಚೆನ್ನೈನಿಂದ ಬಂದ ಮಾರಾಟದ ಹುಡುಗ ಹೀಗೆ ಅದ್ದಿದ ತನ್ನ ಮಾಲನ್ನು ತೋರಿಸಿ, ನೋಡಿ ಮೇಡಂ, ಸರಿಯಾಗಿ ನೂರು, ಒಂದು ಕೂದಲೂ ಆಚೀಚೆ ಇಲ್ಲ ಎಂದು ಹೆಮ್ಮೆಪಟ್ಟ. ಅವರು ಅದನ್ನು ಒರೆಸಿ ಅವನ ಕೈಗೇ ಕೊಟ್ಟರು.

"ನೂರು ತೋರಿಸ್ತಾ ಇದೆ, ಅದಕ್ಕೇ ಬೇಡಪ್ಪ. ನಿಮ್ಮದು ಸಮುದ್ರದ ಪಕ್ಕದ ಊರು, ಅಲ್ಲಿ ಸರಿ. ನಮ್ಮದು ಎತ್ತರದ ಜಾಗ. ಇಲ್ಲಿ ನೀರು ತೊಂಬತ್ತೇಳರ ಹತ್ತಿರವೇ ಕುದ್ದುಬಿಡುತ್ತೆ. ಇದು ಮೂರು ಡಿಗ್ರಿ ಸುಳ್ಳು ಹೇಳ್ತಾ ಇದೆ."

ಹುಡುಗ ಪೆಚ್ಚಾದ. ಅವರು ಅವನಿಗೆ ಅದೇ ಪಾತ್ರೆಯ ಟೀ ಕುಡಿಸಿ ಕಳಿಸಿದರು. ಮುಂದಿನ ಸಲ ಬರುವಾಗ ಇನ್ನೊಂದು ತಗೊಂಡು ಬಾ, ನಾನೇನೂ ನಿನ್ನ ಮೇಲೆ ಕೋಪ ಮಾಡ್ಕೊಂಡಿಲ್ಲ ಎಂದು ಗೇಟಿನವರೆಗೂ ಹೇಳಿಕೊಂಡು ಹೋದರು.

ಅವರು ಈಗ ಇಲ್ಲ. ಹೊಸ ಶೆಡ್ಡಿಗೆ ಯಾವ ಥರ್ಮಾಮೀಟರ್ ತರಬೇಕು ಎಂಬ ತೀರ್ಮಾನ ಅರ್ಧಕ್ಕೆ ನಿಂತಿರುವಾಗ ಹೋಗಿಬಿಟ್ಟರು. ಉಳಿದ ಅರ್ಧ ನನ್ನ ಪಾಲಿಗೆ ಬಂತು. ಅವರ ಬಗ್ಗೆ ಬರೆಯಬೇಕೆಂದು ಕೂತರೆ ನನಗೆ ಬೇರೆ ದಾರಿ ತೋಚುತ್ತಿಲ್ಲ. ಈ ಥರ್ಮಾಮೀಟರುಗಳ ಕಥೆಯ ಮೂಲಕವೇ ಹೇಳಬೇಕು.

ನಮ್ಮದು ನರಸಾಪುರದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಚಿಕ್ಕ ಕಾರ್ಖಾನೆ. ದೊಡ್ಡ ಕಂಪನಿಗಳು ಬಳಸುವ ಒಂದು ಬಗೆಯ ಅಂಟಿನ ರಾಳ ನಮ್ಮಲ್ಲಿಗೆ ಡ್ರಮ್ಮುಗಳಲ್ಲಿ ಬರುತ್ತದೆ. ಚಳಿಗೆ ಅದು ತುಪ್ಪದ ಹಾಗೆ ಹೆಪ್ಪುಗಟ್ಟಿಬಿಟ್ಟಿರುತ್ತದೆ. ಡ್ರಮ್ಮಿನ ಸೊಂಟಕ್ಕೆ ಕರೆಂಟಿನ ಪಟ್ಟಿ ಕಟ್ಟಿ ಕಾಯಿಸಿ, ಕರಗಿಸಿ, ಪಂಪಿನಿಂದ ಎತ್ತಿ ಸಣ್ಣ ಡಬ್ಬಗಳಿಗೆ ತುಂಬಿ ಕಳಿಸುವುದು ನಮ್ಮ ಕೆಲಸ. ಅರವತ್ತು ಡಿಗ್ರಿಯ ಆಸುಪಾಸಿಗೆ ಬಂದರೆ ಎಲ್ಲ ಸಲೀಸು. ಕಡಿಮೆಯಾದರೆ ಒಳಗೆ ಗಂಟು ಉಳಿದು ಪಂಪು ಕಟ್ಟಿಕೊಳ್ಳುತ್ತದೆ. ಹೆಚ್ಚಾದರೆ ರಾಳ ಕಂದು ಬಣ್ಣಕ್ಕೆ ತಿರುಗಿ ಯಾರಿಗೂ ಬೇಡವಾಗುತ್ತದೆ. ತೀರಾ ಹೆಚ್ಚಾದರೆ ಡ್ರಮ್ಮಿನ ಬಾಯಿಯ ಬೂಚು ಬಿಚ್ಚಿದವನ ಕೈ ಮೇಲೆ ಚಿಮ್ಮುತ್ತದೆ. ಹೀಗಾಗಿ ಡ್ರಮ್ಮು ಎಷ್ಟು ಕಾದಿದೆ ಎಂದು ಸರಿಯಾಗಿ ತಿಳಿಯುವುದರ ಮೇಲೆ ನಮ್ಮ ಅನ್ನ ನಿಂತಿದೆ. ಅದನ್ನು ತಿಳಿಸುವ ಸಾಧನಗಳೆಲ್ಲ ಅವರ ಸುಪರ್ದಿನಲ್ಲಿದ್ದವು. ನಾನು ಸ್ಟೋರಿನಲ್ಲಿದ್ದೇನೆ, ಸಾಮಾನು ತರಿಸುವುದು, ಕೊಡುವುದು ನನ್ನ ಕೆಲಸ. ಏನು ತರಿಸಬೇಕೆಂದು ಅವರು ಹೇಳುತ್ತಿದ್ದರು, ನಾನು ತರಿಸುತ್ತಿದ್ದೆ.

ಕುಳ್ಳಗಿನ ಆಳು, ನಡಿಗೆ ಬಿರುಸು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಅದು ಅಲ್ಲೇ ಇದ್ದರೂ ದಿನಕ್ಕೆ ಹಲವು ಸಲ ಮೇಜಿನ ಮೇಲೆ ಹುಡುಕುತ್ತಿದ್ದರು. ಯಾವ ವಸ್ತುವನ್ನು ಮುಟ್ಟಿದರೂ ಮೊದಲು ಬೆರಳುಗಳ ಹಿಂಬದಿಯಿಂದ ಮುಟ್ಟುವುದು ಅಭ್ಯಾಸ. ಟೀ ಲೋಟ, ಬಸ್ಸಿನ ಕಿಟಕಿಯ ಸರಳು, ಊಟದ ಡಬ್ಬಿ, ಎಲ್ಲಕ್ಕೂ ಹಾಗೇ. ನಾನು ಹೋಳೂರಿನಿಂದ ಕೋಲಾರಕ್ಕೆ ಬಂದು ಅಲ್ಲಿ ಕಂಪನಿ ಬಸ್ಸು ಹತ್ತುತ್ತಿದ್ದೆ. ಅವರು ಕೋಲಾರದಲ್ಲೇ ಹತ್ತಿ ನನಗೆ ಜಾಗ ಹಿಡಿದಿರುತ್ತಿದ್ದರು. ಬಸ್ಸಿನಲ್ಲಿ ನನಗೆ ಅಕ್ಕ, ಗೇಟಿನ ಒಳಗೆ ಮೇಡಂ. ಇದು ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಆದದ್ದು. ಸರಳು ಮುಟ್ಟಿ, ಇವತ್ತು ಎಷ್ಟಿರಬಹುದು ಹೇಳು ನೋಡೋಣ ಅನ್ನುತ್ತಿದ್ದರು. ನಾನು ಒಂದು ಹೇಳಿದರೆ ಅವರು ಒಂದು ಹೇಳಿ, ಜೇಬಿನಿಂದ ಪುಟ್ಟ ಥರ್ಮಾಮೀಟರ್ ತೆಗೆದು ಸರಳಿಗೆ ತಾಗಿಸಿ ನೋಡುತ್ತಿದ್ದರು. ಬಹಳ ಸಲ ಇಬ್ಬರೂ ಸೋಲುತ್ತಿದ್ದೆವು. ಸೋತಾಗಲೇ ಅವರಿಗೆ ಹೆಚ್ಚು ಖುಷಿ. ಕೈಯನ್ನ ನಂಬಬಾರದು ಅಂತ ಮತ್ತೊಂದು ಸಲ ಗೊತ್ತಾಯ್ತಲ್ಲ ಎಂದು ನಗುತ್ತಿದ್ದರು.

ಅವರ ತವರು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಊರು. ಮನೆಯಲ್ಲಿ ತೆಲುಗು. ಸಿಟ್ಟು ಬಂದರೆ ಅರ್ಧ ವಾಕ್ಯದಲ್ಲೇ ತೆಲುಗಿಗೆ ಜಾರುತ್ತಿದ್ದರು. ಸಿಟ್ಟು ಇಳಿದಾಗ ಮತ್ತೆ ಕನ್ನಡ. ಹಿಪ್ಪುನೇರಳೆ ತೋಟವಿದ್ದ ಮನೆ, ರೇಷ್ಮೆ ಹುಳು ಸಾಕುತ್ತಿದ್ದರು. ಅವರು ಮೊದಲು ಕಂಡ ಥರ್ಮಾಮೀಟರ್ ಹುಳುಮನೆಯ ಗೋಡೆಗೆ ತೂಗುಹಾಕಿದ್ದು. ಹುಡುಗಿಯಾಗಿದ್ದಾಗ ಅದನ್ನು ಓದಿ ಅಪ್ಪನಿಗೆ ಕೂಗಿ ಹೇಳುವುದು ಅವರ ಕೆಲಸವಾಗಿತ್ತಂತೆ. ಒಂದು ಬೇಸಗೆಯಲ್ಲಿ ಇವರು ಸರಿಯಾಗಿಯೇ ಓದಿ ಹೇಳಿದರೂ ಮೇಲಿನ ತಟ್ಟೆಗಳ ಹುಳುವೆಲ್ಲ ಹೋಯಿತು. ಥರ್ಮಾಮೀಟರ್ ಬಾಗಿಲ ಪಕ್ಕದ ತಣ್ಣನೆ ಗೋಡೆಯಲ್ಲಿತ್ತು, ಹುಳು ಹೆಂಚಿನ ಕೆಳಗೆ ಬೇಯುತ್ತಿತ್ತು. ಅಪ್ಪ ಬೈಯಲಿಲ್ಲವಂತೆ. ಮರುದಿನ ಮೊಳೆ ಕಿತ್ತು, ಥರ್ಮಾಮೀಟರನ್ನು ತಟ್ಟೆಗಳ ನಡುವೆ ದಾರದಲ್ಲಿ ಇಳಿಬಿಟ್ಟರಂತೆ. ಇದನ್ನು ಹೇಳುವಾಗ ಅವರ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಗೋಡೆ ಬಿಸಿ ಗೋಡೆಗೆ, ಹುಳು ಬಿಸಿ ಹುಳುವಿಗೆ ಅನ್ನುತ್ತಿದ್ದರು. ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಇದನ್ನೇ ಓದಿದರು, ಇದೇ ಕೆಲಸಕ್ಕೆ ಸೇರಿದರು.

ನಾನು ಸೇರಿದ ಹೊಸದರಲ್ಲಿ ನನಗೆ ಅವರೆಂದರೆ ಭಯ. ಕೋಲಾರದಲ್ಲಿ ಬಿ.ಎ. ಮಾಡಿದವಳು ನಾನು, ಇಂಥ ಸಾಮಾನು ಕಂಡವಳೇ ಅಲ್ಲ. ಒಂದು ದಿನ ಮುಳ್ಳಿನ ಥರ್ಮಾಮೀಟರನ್ನು ಓರೆಯಾಗಿ ನಿಂತು ಓದಿದೆ. ಹಿಂದಿನಿಂದ ಬಂದು ನನ್ನ ಎರಡೂ ಭುಜ ಹಿಡಿದು ಎಡಕ್ಕೆ ಸರಿಸಿ ಮುಳ್ಳಿನ ನೇರಕ್ಕೆ ನಿಲ್ಲಿಸಿದರು. "ಈಗ ಓದು" ಎಂದರು. ಎರಡು ಡಿಗ್ರಿ ವ್ಯತ್ಯಾಸ. ಇವತ್ತಿಗೂ ಗೋಡೆಯ ಗಡಿಯಾರ ನೋಡುವಾಗಲೂ ನಾನು ನೇರಕ್ಕೆ ಸರಿದು ನಿಲ್ಲುತ್ತೇನೆ.

ಅವರು ತಪ್ಪೇ ಮಾಡದವರೇನಲ್ಲ. ಅವರ ದೊಡ್ಡ ತಪ್ಪು ನನ್ನ ಕಣ್ಣೆದುರೇ ನಡೆದದ್ದು. ಅದನ್ನು ಬಿಟ್ಟು ಬರೆದರೆ ಅವರೇ ಒಪ್ಪುತ್ತಿರಲಿಲ್ಲ.

ನಮ್ಮಲ್ಲಿ ಮೊದಲು ಡ್ರಮ್ಮಿನ ಮೈಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಮುಳ್ಳಿನ ಥರ್ಮಾಮೀಟರುಗಳಿದ್ದವು. ಅವು ಬಿದ್ದು ಬಿದ್ದು ಹಾಳಾಗುತ್ತಿದ್ದವು. ಅವರೇ ಮಾಲೀಕರ ಬೆನ್ನುಬಿದ್ದು ಪಿಸ್ತೂಲಿನಂಥ ಥರ್ಮಾಮೀಟರ್ ತರಿಸಿದರು. ದೂರದಲ್ಲಿ ನಿಂತು ಗುರಿಯಿಟ್ಟು ಒತ್ತಿದರೆ ಕೆಂಪು ಚುಕ್ಕಿ ಬಿದ್ದ ಜಾಗದ ಬಿಸಿ ಹೇಳುತ್ತದೆ. ಆಗ ಬರುತ್ತಿದ್ದದ್ದು ನೀಲಿ ಬಣ್ಣ ಬಳಿದ ಡ್ರಮ್ಮುಗಳು. ಎಲ್ಲ ಸರಿಯಾಗಿತ್ತು. ಆಮೇಲೆ ರಾಳ ಕಳಿಸುವವರು ಬಣ್ಣವಿಲ್ಲದ, ಕನ್ನಡಿಯಂತೆ ಹೊಳೆಯುವ ತಗಡಿನ ಡ್ರಮ್ಮು ಕಳಿಸತೊಡಗಿದರು. ಅಲ್ಲಿಂದ ಒಂದರ ಹಿಂದೊಂದು ಡ್ರಮ್ಮು ಕಂದುಬಣ್ಣಕ್ಕೆ ತಿರುಗಿತು. ನಾವು ರಾಳವೇ ಕಳಪೆ ಎಂದುಕೊಂಡೆವು. ಅದೇ ದಿನಗಳಲ್ಲಿ ವೆಂಕಟರವಣಪ್ಪನ ಕೈ ಸುಟ್ಟಿತು.

ವೆಂಕಟರವಣಪ್ಪ ನಮ್ಮಲ್ಲಿ ಎಲ್ಲರಿಗಿಂತ ಹಳಬ, ಮುಳಬಾಗಿಲಿನ ಹತ್ತಿರದ ಹಳ್ಳಿಯವನು. ಪಿಸ್ತೂಲು ಅರವತ್ತು ತೋರಿಸಿತೆಂದು ಬೂಚು ಬಿಚ್ಚಿದ. ಒಳಗಿನದು ಉಕ್ಕಿ ಮುಂಗೈಯಿಂದ ಮೊಣಕೈವರೆಗೆ ಚಿಮ್ಮಿತು. ಅವಸರಪಟ್ಟು ಬಿಚ್ಚಿದ್ದಾನೆ, ಅವನದೇ ಅಜಾಗರೂಕತೆ ಎಂದು ಆಫೀಸಿನಲ್ಲಿ ತೀರ್ಮಾನವಾಯಿತು. ಅವನೂ ಇರಬಹುದೆಂದು ಸುಮ್ಮನಾದ.

ಸ್ವಲ್ಪ ದಿನಕ್ಕೆ ಆಯುಧಪೂಜೆ ಬಂತು. ನಮ್ಮಲ್ಲಿ ಪಂಪು, ತಕ್ಕಡಿ, ಡ್ರಮ್ಮು, ಪಿಸ್ತೂಲು, ಯಾವುದನ್ನೂ ಬಿಡುವುದಿಲ್ಲ. ಎಲ್ಲಕ್ಕೂ ವಿಭೂತಿ ಬಳಿದು ದಪ್ಪನೆ ಕುಂಕುಮದ ಬೊಟ್ಟಿಡುತ್ತೇವೆ. ಪೂಜೆ ಮುಗಿದ ಮೇಲೆ ಪಾಳಿ ಬದಲಾಗುವ ಹೊತ್ತಿಗೆ ಶೆಡ್ಡಿನಲ್ಲಿ ಜಗಳ ಶುರುವಾಯಿತು. ಬೆಳಗಿನ ಪಾಳಿಯ ವೆಂಕಟರವಣಪ್ಪ ಒಂದು ಡ್ರಮ್ಮು ಇನ್ನೂ ಕಾಯಬೇಕು ಅಂದಿದ್ದ. ಮಧ್ಯಾಹ್ನದ ಪಾಳಿಯ ಸೀನಪ್ಪ ಬಂದು ನೋಡಿ, ಇದು ಅಳತೆ ಮೀರಿ ಕಾದುಹೋಗಿದೆ ಎಂದು ಸ್ವಿಚ್ಚು ಆರಿಸಿದ. ಒಂದೇ ಡ್ರಮ್ಮು, ಒಂದೇ ಪಿಸ್ತೂಲು. ಒಬ್ಬನಿಗೆ ಐವತ್ತರೊಳಗೆ, ಇನ್ನೊಬ್ಬನಿಗೆ ಎಂಬತ್ತರ ಮೇಲೆ. ನಿನ್ನ ಕಣ್ಣು ಸರಿಯಿಲ್ಲ ಎಂದು ಇವನು, ನಿನಗೆ ಹೋಳಿಗೆ ಹೆಚ್ಚಾಗಿದೆ ಎಂದು ಅವನು. ಮೇಡಂ ಬಂದು ಇಬ್ಬರ ನಡುವೆ ನಿಂತು, ಎಲ್ಲಿ ಗುರಿ ಇಟ್ಟಿರಿ, ತೋರಿಸಿ ಎಂದರು.

ಸೀನಪ್ಪ ಕುಂಕುಮದ ಬೊಟ್ಟಿಗೆ ಇಟ್ಟಿದ್ದ. ಗುಂಡಗೆ ಒಂದು ಗುರುತು ಸಿಕ್ಕಿತಲ್ಲ ಎಂದು ಅವನ ಲೆಕ್ಕ.

"ನೀವು?"

"ದೇವರ ಬೊಟ್ಟಿಗೆ ಪಿಸ್ತೂಲು ಹಿಡಿಯಕ್ಕಾಗ್ತದಾ ಮೇಡಮ್ಮೋರೆ?" ಎಂದ ವೆಂಕಟರವಣಪ್ಪ. "ನಾನು ಪಕ್ಕಕ್ಕೆ ಇಟ್ಟೆ."

ಅವರು ಪಿಸ್ತೂಲು ತಗೊಂಡು ಬೊಟ್ಟಿಗೆ ಹಿಡಿದರು, ಪಕ್ಕದ ಬರೀ ತಗಡಿಗೆ ಹಿಡಿದರು. ಮತ್ತೆ ಬೊಟ್ಟಿಗೆ, ಮತ್ತೆ ತಗಡಿಗೆ. ಆಮೇಲೆ ಬೋರಲು ಹಾಕಿದ್ದ ಒಂದು ಡಬ್ಬದ ಮೇಲೆ ಕೂತುಬಿಟ್ಟರು. ಹೊಳೆಯುವ ತಗಡು ತನ್ನ ಬಿಸಿಯನ್ನು ಹೊರಕ್ಕೆ ಸರಿಯಾಗಿ ಬಿಡುವುದಿಲ್ಲ, ಎದುರಿನ ಗೋಡೆಯ ತಂಪನ್ನೇ ಕನ್ನಡಿಯಂತೆ ತೋರಿಸುತ್ತದೆ. ಪಿಸ್ತೂಲಿಗೆ ಅದೇ ಕಾಣುತ್ತದೆ. ಮಂಕಾದ ಬಣ್ಣ ಇದ್ದರೆ ಮಾತ್ರ ನಿಜ. ಬೊಟ್ಟು ನಿಜ ಹೇಳುತ್ತಿತ್ತು. ಇಷ್ಟು ತಿಂಗಳು ನಾವು ತಗಡಿನ ಸುಳ್ಳನ್ನು ನಂಬಿ ಡ್ರಮ್ಮುಗಳನ್ನು ಸುಡುತ್ತಿದ್ದೆವು. ಇದನ್ನು ಅವರು ನಮಗೆಲ್ಲ ವಿವರಿಸಿ ಹೇಳಿದ್ದು ಮರುದಿನ. ಅವತ್ತು ಹೇಳಿದ್ದು ಇಷ್ಟೇ:

"ಇದು ನಾನು ಪುಸ್ತಕದಲ್ಲಿ ಓದಿದ ವಿಷಯ. ಹೊಸ ಡ್ರಮ್ಮು ಬಂದಾಗ ನೆನಪಾಗಬೇಕಿತ್ತು, ಆಗಲಿಲ್ಲ. ವೆಂಕಟರವಣಪ್ಪ, ನಿಮ್ಮ ಕೈ ಸುಟ್ಟಿದ್ದು ನಿಮ್ಮಿಂದ ಅಲ್ಲ, ನನ್ನಿಂದ."

"ಬಿಡಿ ಮೇಡಮ್ಮೋರೆ, ಹಬ್ಬದ ದಿನ."

"ಬಿಡಲ್ಲ."

ಬಿಡಲಿಲ್ಲ. ಹಬ್ಬದ ಮಾರನೆಯ ದಿನವೇ ಮಾಲೀಕರ ಕೋಣೆಗೆ ಹೋದರು. ನಾನು ಯಾವುದೋ ಬಿಲ್ಲಿಗೆ ಸಹಿ ಹಾಕಿಸಲು ಅಲ್ಲೇ ಇದ್ದೆ. ಕೈ ಸುಟ್ಟುಕೊಂಡವನು ಮನೆಯಲ್ಲಿದ್ದ ದಿನಗಳನ್ನು ಅವನ ಸ್ವಂತ ರಜೆಯಲ್ಲಿ ಹಿಡಿದಿದ್ದೀರಿ, ಅದನ್ನು ತೆಗೆಯಬೇಕು, ಅಜಾಗರೂಕತೆ ಎಂದು ಆಡಿದ ಮಾತನ್ನು ಎಲ್ಲರ ಮುಂದೆ ವಾಪಸು ತಗೋಬೇಕು ಎಂದು ಕೇಳಿದರು. ಮಾಲೀಕರು ಕೆಟ್ಟವರಲ್ಲ. ಬ್ಯಾಂಕು, ಕರೆಂಟು, ಲಾರಿ ಎಂದು ದಿನವಿಡೀ ತಲೆ ಕೆಡಿಸಿಕೊಂಡಿರುವವರು. ಮುಗಿದ ವಿಷಯ ಯಾಕೆ ಕೆದಕುತ್ತೀರಿ ಎಂದರು.

"ಮುಗಿದಿಲ್ಲ ಸಾರ್. ಅವರ ಕೈ ಮೇಲೆ ಇನ್ನೂ ಇದೆ."

ಮಾಲೀಕರು ಪೆನ್ನು ಕೆಳಗಿಟ್ಟರು. ಆ ವಾರವೇ ಶೆಡ್ಡಿಗೆ ಬಂದು ನಾಲ್ಕು ಜನರ ಎದುರು ಹೇಳಬೇಕಾದ್ದನ್ನು ಹೇಳಿದರು. ಅಂದಿನಿಂದ ನಮ್ಮಲ್ಲಿಗೆ ಬರುವ ಪ್ರತಿ ಡ್ರಮ್ಮಿಗೂ ಅಂಗೈಯಗಲ ಕಪ್ಪು ಬಣ್ಣ ಬಳಿದು, ಅಲ್ಲಿಗೇ ಗುರಿಯಿಡಬೇಕೆಂಬ ಕಟ್ಟಳೆಯಾಯಿತು. ವೆಂಕಟರವಣಪ್ಪ ಮಾತ್ರ ಆಮೇಲೆ ಅವರನ್ನು ರೇಗಿಸುವುದನ್ನು ಬಿಡಲಿಲ್ಲ. ಹೊಸದೇನು ತಂದರೂ, ಪೂಜೆ ಮಾಡಿಸಿಯೇ ನೋಡೋಣ ಬಿಡಿ ಅನ್ನುತ್ತಿದ್ದ. ಅವರು ನಗುತ್ತಿದ್ದರು. ನಗುತ್ತಲೇ ಅವನ ಮುಂಗೈ ಕಡೆ ನೋಡುತ್ತಿದ್ದರು.

ಕಪ್ಪು ಗುರುತಿನಿಂದ ಅರ್ಧ ತೊಂದರೆ ತಪ್ಪಿತು. ಉಳಿದರ್ಧ ಅವರನ್ನು ಕೊರೆಯುತ್ತಲೇ ಇತ್ತು. ಪಿಸ್ತೂಲು ಎಷ್ಟೇ ಸರಿಯಾಗಿ ಹೇಳಿದರೂ ಅದು ಡ್ರಮ್ಮಿನ ಮೈಯ ಬಿಸಿ. ಒಳಗಿನ ರಾಳ ನಡುವಿನಲ್ಲಿ ಕರಗಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಸರಿಯಾಗಿ ತಿರುವದ ಮುದ್ದೆ ನೋಡಿದ್ದೀಯಾ, ಹೊರಗೆ ಮಿರಮಿರ ಮಿಂಚುತ್ತಿರುತ್ತೆ, ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು, ಹಾಗಮ್ಮ ಇದು ಅನ್ನುತ್ತಿದ್ದರು. ಪಂಪು ಆಗಾಗ ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಂಡಾಗ ಹುಡುಗರು ಬೇಗ ಕರಗಲೆಂದು ಬಿಸಿ ಏರಿಸುತ್ತಿದ್ದರು. ಏರಿಸಿದರೆ ಅಂಚಿನ ರಾಳ ಸೀಯುತ್ತಿತ್ತು. ಮತ್ತೊಬ್ಬರ ಕೈ ಸುಡುವುದಕ್ಕೆ ಅಷ್ಟು ಸಾಕು.

ಈ ವರ್ಷ ಹೊಸ ಶೆಡ್ಡು ಕಟ್ಟಲು ಶುರುವಾಯಿತು. ಈಗಿನ ಎರಡರಷ್ಟು ಡ್ರಮ್ಮು ಅಲ್ಲಿ ನಿಲ್ಲುತ್ತವೆ. ಪಿಸ್ತೂಲುಗಳನ್ನೇ ಇನ್ನಷ್ಟು ತರಿಸಿದರೆ ಸಾಕು, ಅಗ್ಗ, ಕೆಲಸವೂ ಬೇಗ ಎಂದು ಮಾಲೀಕರ ಮನಸ್ಸಿನಲ್ಲಿತ್ತು. ಪ್ರತಿ ಡ್ರಮ್ಮಿನೊಳಗೆ ಇಳಿಯುವ ಉದ್ದ ಕಡ್ಡಿಯ ಥರ್ಮಾಮೀಟರ್ ಬೇಕು ಎಂದು ಇವರ ಹಟ. ಕಡ್ಡಿಗೆ ರಾಳ ಮೆತ್ತುತ್ತದೆ, ಒರೆಸಬೇಕು, ಮುರಿಯುತ್ತದೆ, ದುಬಾರಿ ಎಂಬುದೆಲ್ಲ ನಿಜವೇ. ಇವರು ಒಂದೊಂದಕ್ಕೂ ಉತ್ತರ ಹುಡುಕಿದರು. ಮೇಲ್ಭಾಗ ಪೂರ್ತಿ ಕತ್ತರಿಸಿದ ಹಳೇ ಡ್ರಮ್ಮೊಂದರಲ್ಲಿ ರಾಳ ಕಾಯಿಸಿ, ಸ್ಟೂಲು ಹತ್ತಿ ನಿಂತು, ನಡುವಿನಲ್ಲಿ ನೇರ ಇಳಿಬಿಟ್ಟು ನೋಡಿದರು. ತಳಕ್ಕಿಂತ ಒಂದು ಗೇಣು ಮೇಲೆ ಎಲ್ಲಕ್ಕಿಂತ ತಣ್ಣಗಿರುತ್ತದೆ, ಅಲ್ಲಿ ಅರವತ್ತು ಬಂದರೆ ಇಡೀ ಡ್ರಮ್ಮು ಕರಗಿದಂತೆ ಎಂದು ಖಚಿತ ಮಾಡಿಕೊಂಡರು. ಅಷ್ಟು ಆಳಕ್ಕೆ ಹೊಂದುವ ನೇರ ಕಡ್ಡಿಯೊಂದನ್ನು ಮಾದರಿಗೆ ತರಿಸಲು ನನಗೆ ಹೇಳಿದರು. ಮಾದರಿ ನೋಡಿ ಒಪ್ಪಿದರೆ ಎಲ್ಲಕ್ಕೂ ಆರ್ಡರ್ ಕೊಡೋಣ, ಇಲ್ಲದಿದ್ದರೆ ಪಿಸ್ತೂಲೇ ಎಂದು ಮಾಲೀಕರು ಒಂದು ದಿನ ಗೊತ್ತುಮಾಡಿ ಗಡುವು ಹಾಕಿದರು.

ಮಾದರಿ ಬರುವ ಮೊದಲು, ಒಂದು ಭಾನುವಾರ ಎದೆನೋವೆಂದು ಕೋಲಾರದ ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಸೋಮವಾರ ಬಸ್ಸಿನಲ್ಲಿ ನನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಕೂತವರಿಗೆ ಸುದ್ದಿ ಗೊತ್ತಿರಲಿಲ್ಲ. ನಾನು ನಿಂತೇ ಹೋದೆ.

ಮಣ್ಣಿಗೆ ಅವರ ತವರಿಗೆ ಹೋಗಿದ್ದೆವು. ವೆಂಕಟರವಣಪ್ಪ ಮೂರು ಹಿಡಿ ಮಣ್ಣು ಹಾಕಿ, ಕೈ ಕೊಡವದೆ ಹಾಗೇ ಬಹಳ ಹೊತ್ತು ನಿಂತಿದ್ದ. ದಾರಿಯಲ್ಲಿ ವಾಪಸು ಬರುವಾಗ, ನರಸಾಪುರ ಹತ್ತಿರವಾದಾಗ ಅವನು, "ಆ ಕಡ್ಡಿ ಬಂತೇನಮ್ಮ?" ಎಂದ. ಇನ್ನೂ ಇಲ್ಲ ಎಂದೆ. "ಬಂದ ದಿನ ನನ್ನ ಕರಿ. ಮೇಡಮ್ಮೋರ ಕೆಲಸ ನಿಲ್ಲಬಾರದು."

ಕಡ್ಡಿ ಬಂತು. ಕರೆದೆ. ಮೊದಲು ಕ್ಯಾಂಟೀನಿಗೆ ಒಯ್ದೆವು. ಕ್ಯಾಂಟೀನಿನವರು ಈ ಸಲ ಗೊಣಗಲಿಲ್ಲ, ಒಲೆಯ ಮುಂದಿನಿಂದ ತಾವಾಗಿ ಪಕ್ಕಕ್ಕೆ ಸರಿದರು. ತೊಂಬತ್ತೇಳು. ವೆಂಕಟರವಣಪ್ಪ ತಲೆಯಾಡಿಸಿದ. ಆಮೇಲೆ ಶೆಡ್ಡಿನಲ್ಲಿ ಕಾಯುತ್ತಿದ್ದ ಡ್ರಮ್ಮೊಂದರ ಬಾಯಲ್ಲಿ ಇಳಿಸಿದೆವು. ಐವತ್ತೊಂಬತ್ತು, ಅರವತ್ತು. ಅವರು ಹೇಳಿದ ಹಾಗೇ. ಪಂಪು ಹಾಕಿದೆವು. ಸ್ವಲ್ಪ ಹೊತ್ತಿಗೆ ಪಂಪು ಗುರುಗುಟ್ಟಿ ನಿಂತಿತು. ಬಿಚ್ಚಿ ನೋಡಿದರೆ ಗಂಟು.

ಇನ್ನೊಂದು ಡ್ರಮ್ಮಿಗೆ ಹಾಕಿದೆವು. ಅದೇ ಕಥೆ.

ಕಾರಣ ತಿಳಿಯಲು ನನಗೆ ಎರಡು ದಿನ ಹಿಡಿಯಿತು. ತಿಳಿದ ಮೇಲೆ, ಇಷ್ಟೇನಾ ಅನ್ನಿಸಿತು. ಅವರು ಪರೀಕ್ಷೆ ಮಾಡಿದ್ದು ಮೇಲ್ಭಾಗ ಕತ್ತರಿಸಿದ ಡ್ರಮ್ಮಿನಲ್ಲಿ. ಅಲ್ಲಿ ನಟ್ಟನಡುವೆ ಇಳಿಬಿಡಬಹುದು. ಲಾರಿಯಲ್ಲಿ ಬರುವ ಡ್ರಮ್ಮಿಗೆ ಬಾಯಿ ಇರುವುದು ಅಂಚಿನಲ್ಲಿ. ಅಲ್ಲಿಂದ ನೇರ ಇಳಿಸಿದರೆ ಕಡ್ಡಿ ಬಿಸಿಪಟ್ಟಿಯ ಪಕ್ಕದಲ್ಲೇ ನಿಲ್ಲುತ್ತದೆ, ಅಲ್ಲಿನ ಬಿಸಿಯನ್ನೇ ಹೇಳುತ್ತದೆ. ಕಡ್ಡಿ ಒಳಗೆ ಹೋದರೂ ನಾವು ಗೋಡೆಯನ್ನೇ ಅಳೆಯುತ್ತಿದ್ದೆವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಆರಿಸಿದ್ದು ಕೆಲಸಕ್ಕೆ ಬಾರದು ಎಂದು ಮಾಲೀಕರಿಗೆ ಹೇಳಿದರೆ ಮರುಕ್ಷಣವೇ ಪಿಸ್ತೂಲಿಗೆ ಆರ್ಡರ್ ಹೋಗುತ್ತದೆ, ಅವರ ಇಷ್ಟು ದಿನದ ಹಟ ಅಲ್ಲಿಗೆ ಮುಗಿಯಿತು. ಹೇಳದೆ, ಅವರು ಹೇಳಿದ್ದನ್ನೇ ತರಿಸಿದರೆ ಅವರ ಮಾತು ಉಳಿಯುತ್ತದೆ. ಆದರೆ ಸುಳ್ಳು ಹೇಳುವ ಕಡ್ಡಿಯೊಂದು ಪ್ರತಿ ಡ್ರಮ್ಮಿನಲ್ಲೂ ನಿಂತಿರುತ್ತದೆ, ಹುಡುಗರು ಅದನ್ನು ನಂಬುತ್ತಾರೆ.

ಬೆಳಗ್ಗೆ ವೆಂಕಟರವಣಪ್ಪನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. ಮೇಡಮ್ಮೋರು ಆರಿಸಿದ್ದು ತಪ್ಪಾಗಕ್ಕಿಲ್ಲ, ನೀನು ಇನ್ನೊಂದು ಸಲ ನೋಡು ಎಂದ. ನೋಡಿದೆ ಅಣ್ಣ ಎಂದೆ. ಅವನು ಮುಖ ತಿರುಗಿಸಿಕೊಂಡು ಹೋದ. ಊಟದ ಹೊತ್ತಿಗೆ ತಾನೇ ಬಂದು, ಖಾಲಿ ಡ್ರಮ್ಮೊಂದನ್ನು ಉರುಳಿಸಿ ತಂದು ನಿಲ್ಲಿಸಿ, ಅದರ ಬಾಯಲ್ಲಿ ಕಡ್ಡಿಯನ್ನು ಹಿಡಿದು ಹಿಂದೆ ಮುಂದೆ ಆಡಿಸಿದ. "ನೇರ ಯಾಕೆ ಬಿಡಬೇಕು, ಓರೆಯಾಗಿ ಬಿಟ್ರೆ?" ಎಂದ. ಬಾಯಿ ಎರಡು ಬೆರಳಿನಷ್ಟು ಅಗಲವಿದೆ, ಕಡ್ಡಿ ಪೆನ್ನಿನಷ್ಟೇ ದಪ್ಪ. ಓರೆಯಾಗಿಸಿದರೆ ತುದಿ ನಡುವಿಗೆ ಹೋಗುತ್ತದೆ. ಆದರೆ ಅವರು ತರಿಸಿದ್ದು ನೇರದ ಅಳತೆಗೆ ಮಾಡಿದ್ದು, ಓರೆಗೆ ಅದರ ಉದ್ದ ಸಾಲುತ್ತಿರಲಿಲ್ಲ. ಪ್ರತಿ ಸಲ ಅಂದಾಜಿನಲ್ಲಿ ಓರೆ ಹಿಡಿದರೆ ತುದಿ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿತ್ತು.

ಸ್ಟೋರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಡ್ರಮ್ಮನ್ನು ಅದರಷ್ಟೇ ಗಾತ್ರಕ್ಕೆ ಬರೆದೆ. ಬಾಯಿ ಎಲ್ಲಿ, ತಣ್ಣಗಿನ ಜಾಗ ಎಲ್ಲಿ ಎಂದು ಗುರುತು ಹಾಕಿ, ಎರಡಕ್ಕೂ ದಾರ ಹಿಡಿದು ಉದ್ದ ತೆಗೆದೆ. ಮಾಲೂರಿನ ಒಂದು ಸಣ್ಣ ಲೇತ್ ಅಂಗಡಿಗೆ ಹೋಗಿ, ಅದೇ ಓರೆಗೆ ತೂತು ಕೊರೆದ ಮರದ ಬಿರಡೆಯೊಂದನ್ನು ಮಾಡಿಸಿದೆ. ಡ್ರಮ್ಮಿನ ಬಾಯಿಗೆ ಅದನ್ನು ಕೂರಿಸಿ ಕಡ್ಡಿ ತೂರಿಸಿದರೆ, ಯಾರು ತೂರಿಸಿದರೂ ತುದಿ ಒಂದೇ ಜಾಗಕ್ಕೆ ಹೋಗಬೇಕು. ಆವಿ ಹೊರಹೋಗಲೆಂದು ಡ್ರಮ್ಮಿನ ಇನ್ನೊಂದು ಚಿಕ್ಕ ಬಾಯಿ ತೆರೆದೇ ಇರಬೇಕೆಂದು ವೆಂಕಟರವಣಪ್ಪ ನೆನಪಿಸಿದ. ನೋಡಿ ವಾಪಸು ಕೊಡುತ್ತೇವೆಂದು ಕೇಳಿಕೊಂಡಾಗ ಮಾರುವವರು ಉದ್ದದ ಕಡ್ಡಿಯೊಂದನ್ನು ಎರವಲು ಕಳಿಸಿದರು. ಹಾಕಿದೆವು. ನೇರ ಬಿಟ್ಟಾಗ ಅರವತ್ತು ತೋರಿಸಿದ್ದ ಡ್ರಮ್ಮು ಓರೆಯಲ್ಲಿ ನಲವತ್ತೊಂದು ತೋರಿಸಿತು. ಅದು ಅರವತ್ತಕ್ಕೆ ಬರುವವರೆಗೂ ಬಿಸಿ ಏರಿಸದೆ ಕಾದೆವು. ಪಂಪು ಹಾಕಿದಾಗ ರಾಳ ಜೇನಿನ ಹಾಗೆ ಬಂತು. ಡ್ರಮ್ಮು ಖಾಲಿಯಾಗುವವರೆಗೂ ಎಲ್ಲೂ ನಿಲ್ಲಲಿಲ್ಲ. ವೆಂಕಟರವಣಪ್ಪ ಹೋಗಿ ಕೈ ತೊಳೆದುಕೊಂಡ.

ಗಡುವಿನ ದಿನ ನಾನು ಒಬ್ಬಳೇ ಮಾಲೀಕರ ಕೋಣೆಗೆ ಹೋದೆ. ಇಷ್ಟು ವರ್ಷ ಆ ಕೋಣೆಯಲ್ಲಿ ಬಿಲ್ಲು ಕೊಟ್ಟು ಸಹಿ ತಗೊಂಡು ಬಂದದ್ದು ಬಿಟ್ಟರೆ ಬೇರೆ ಮಾತು ಆಡಿದವಳಲ್ಲ. ಎರಡು ಕಡ್ಡಿಗಳನ್ನೂ ಬಿರಡೆಯನ್ನೂ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಮೇಡಂ ತರಿಸಿದ ಕಡ್ಡಿ ಯಾಕೆ ಆಗುವುದಿಲ್ಲ, ಇದು ಯಾಕೆ ಆಗುತ್ತದೆ, ಪಂಪು ಎಷ್ಟು ಸಲೀಸಾಗಿ ಓಡಿತು, ಎಲ್ಲ. ಪ್ರತಿ ಡ್ರಮ್ಮಿಗೂ ಉದ್ದದ ಕಡ್ಡಿ ಒಂದು, ಮೈ ಎಲ್ಲಾದರೂ ಸೀಯುತ್ತಿದೆಯೇ ನೋಡಲು ಶೆಡ್ಡಿಗೊಂದು ಪಿಸ್ತೂಲು. ಪಿಸ್ತೂಲು ಈಗಿರುವುದೇ ಸಾಕು ಎಂದೆ. ಮಾಲೀಕರು ಎರಡೂ ಕಡ್ಡಿಗಳನ್ನು ಕೈಯಲ್ಲಿ ತೂಗಿ ನೋಡಿದರು.

"ಹಾಗಾದ್ರೆ ಮೇಡಂ ಹೇಳಿದ್ದು ಇದಲ್ಲ" ಎಂದರು.

"ಅಲ್ಲ ಸಾರ್. ಡ್ರಮ್ಮಿನ ನಡುವನ್ನ ನೋಡಬೇಕು ಅಂದಿದ್ದು ಅವರು. ಈ ಕಡ್ಡಿ ನಾನು ಆರಿಸಿದ್ದು."

ಮಾಲೀಕರು ಕಿಟಕಿಯತ್ತ ತಿರುಗಿದರು. ಕಿಟಕಿಯಾಚೆ ಹೊಸ ಶೆಡ್ಡಿಗೆ ತಗಡು ಹೊದಿಸುತ್ತಿದ್ದರು.

"ನೋಡಮ್ಮ, ಅವರಿದ್ದಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವರನ್ನ ಕೇಳ್ತಿದ್ದೆ. ತಪ್ಪಿದ್ರೆ ತಪ್ಪು ಅಂತ ಬಂದು ಹೇಳೋರು. ಈಗ ಇಷ್ಟು ದುಡ್ಡು ಹಾಕ್ತೀನಿ. ನಾಳೆ ಇದು ಸುಳ್ಳು ಹೇಳಿ ಯಾರದಾದ್ರೂ ಕೈ ಸುಟ್ರೆ, ನಾನು ಯಾರನ್ನ ಕೇಳಲಿ?"

"ನನ್ನನ್ನ ಕೇಳಿ ಸಾರ್."

ಮೇಡಂ ಇನ್ನಿಲ್ಲ ಎಂಬುದು ನನಗೆ ಪೂರ್ತಿಯಾಗಿ ತಿಳಿದದ್ದು ಈ ಮಾತು ಬಾಯಿಂದ ಬಂದ ಮೇಲೆ. ಆಸ್ಪತ್ರೆಯಿಂದ ಫೋನು ಬಂದಾಗಲೂ, ಮಣ್ಣು ಹಾಕುವಾಗಲೂ ತಿಳಿದಿರಲಿಲ್ಲ. ಕಣ್ಣು ತುಂಬಿಕೊಂಡಿತು. ಮಾಲೀಕರು ಕಾಣದವರ ಹಾಗೆ ಕಾಗದ ಎಳೆದುಕೊಂಡು ಸಹಿ ಹಾಕಿದರು. ನಾನು ಎರಡೂ ಕಡ್ಡಿಗಳನ್ನು ಎತ್ತಿಕೊಂಡು ಸ್ಟೋರಿಗೆ ಬಂದು, ಬಾಗಿಲು ಹಾ‌ಕಿಕೊಳ್ಳದೆ, ಎಲ್ಲರಿಗೂ ಕೇಳುವ ಹಾಗೆ ಮಾರುವವರಿಗೆ ಫೋನು ಮಾಡಿ ಬೇಕಾದ ಕಡ್ಡಿಯ ಉದ್ದ ಹೇಳಿದೆ.